ಒಕ್ಕೂಟ ಬಿಟ್ಟವರಿಗೆ ಐದು ದಾರಿ: ನಾರ್ವೆ, ಸ್ವಿಸ್, ಟರ್ಕಿ, ಕೆನಡಾ, ಇಲ್ಲವೇ ಬರಿಗೈ

2016ರ ಜೂನ್ 23ರಂದು ಬ್ರಿಟನ್ ಮತದಾರರ ಕೈಗೆ ಕೊಟ್ಟ ಚೀಟಿಯಲ್ಲಿ ಎರಡೇ ಚೌಕ ಇದ್ದವು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕು, ಇಲ್ಲವೇ ಬಿಡಬೇಕು. ಮತ ಹಾಕಿದವರಲ್ಲಿ ನೂರಕ್ಕೆ 51.9 ಮಂದಿ ಬಿಡುವ ಚೌಕಕ್ಕೆ ಗುರುತು ಹಾಕಿದರು. ಬಿಟ್ಟು ಎಲ್ಲಿ ನಿಲ್ಲಬೇಕು ಎಂದು ಕೇಳುವ ಚೌಕ ಅದರಲ್ಲಿ ಇರಲಿಲ್ಲ. ಆ ಉತ್ತರ ಸಿಕ್ಕಿದ್ದು ನಾಲ್ಕೂವರೆ ವರ್ಷದ ಮೇಲೆ, 2020ರ ಡಿಸೆಂಬರ್ 24ರಂದು. ಒಪ್ಪಂದದ ಪಠ್ಯ ಸಾವಿರದ ಇನ್ನೂರು ಪುಟ ದಾಟಿತ್ತು. ಅದನ್ನು ಓದಿ ತಯಾರಾಗಲು ವ್ಯಾಪಾರಿಗಳಿಗೆ ಸಿಕ್ಕಿದ್ದು ಒಂದು ವಾರ, ಅದೂ ಕ್ರಿಸ್‌ಮಸ್ ರಜೆಯ ವಾರ.

ಬಿಡುವುದು ಒಂದೇ ತೀರ್ಮಾನ ಎಂದು ಹೊರಗಿನಿಂದ ಕಾಣುತ್ತದೆ. ಒಳಗೆ ಇಳಿದರೆ ಕನಿಷ್ಠ ಐದು ದಾರಿ. ಪ್ರತಿಯೊಂದರಲ್ಲೂ ಈಗಾಗಲೇ ಒಂದು ದೇಶ ನಡೆದು ನೋಡಿದೆ, ಅದರ ಖರ್ಚು ಏನೆಂದು ಗೊತ್ತಿದೆ. ಆ ಐದನ್ನು ಪಕ್ಕಪಕ್ಕ ಇಟ್ಟು, ಯಾವುದರಲ್ಲಿ ಏನು ಸಿಗುತ್ತದೆ, ಏನು ಕೈ ಬಿಡುತ್ತದೆ, ಎಲ್ಲಿ ಕೆಡುತ್ತದೆ ಎಂದು ಇಲ್ಲಿ ನೋಡೋಣ.

ಮೊದಲು ಪದಗಳ ಗಂಟು ಬಿಡಿಸಿಕೊಳ್ಳಿ

"ಒಕ್ಕೂಟ" ಎನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವ್ಯವಸ್ಥೆಗಳು ಸೇರಿಕೊಂಡಿವೆ. ಸುಂಕ ಒಕ್ಕೂಟ ಎಂದರೆ ಸದಸ್ಯರು ತಮ್ಮೊಳಗೆ ಸುಂಕ ಹಾಕುವುದಿಲ್ಲ, ಹೊರಗಿನವರಿಗೆ ಎಲ್ಲರೂ ಒಂದೇ ದರ ಹಾಕುತ್ತಾರೆ. ಏಕ ಮಾರುಕಟ್ಟೆ ಎಂದರೆ ನಿಯಮ ಒಂದೇ: ಒಂದು ಕಡೆ ಮಾರಲು ಯೋಗ್ಯವಾದ ಔಷಧಿ, ಆಟಿಕೆ, ವಿಮೆ ಎಲ್ಲ ಕಡೆಯೂ ಯೋಗ್ಯ, ಜನರೂ ಎಲ್ಲಿ ಬೇಕಾದರೂ ದುಡಿಯಬಹುದು. ಇವೆರಡರ ಮೇಲೆ ಸಂಸತ್ತು, ನ್ಯಾಯಾಲಯ, ಬಜೆಟ್ಟು ಇರುವ ರಾಜಕೀಯ ಕೂಟ. ಯೂರೋ ನಾಣ್ಯ, ಮತ್ತು ಒಳಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಷೆಂಗೆನ್ ಪ್ರದೇಶ ಇನ್ನೂ ಬೇರೆ. ಬ್ರಿಟನ್ ಅವೆರಡರಲ್ಲೂ ಯಾವತ್ತೂ ಇರಲಿಲ್ಲ. ಬೆಂಗಳೂರಿನಿಂದ ಲಂಡನ್ನಿಗೂ ಪ್ಯಾರಿಸ್ಸಿಗೂ ಹೋಗುವವರು ಬ್ರೆಕ್ಸಿಟ್‌ಗೆ ಮೊದಲೂ ಎರಡು ವೀಸಾ ತೆಗೆದುಕೊಳ್ಳುತ್ತಿದ್ದುದು ಅದಕ್ಕೇ.

ಈ ಗಂಟು ಬಿಡಿಸದೆ ಹೋದರೆ "ಸುಂಕ ಸೊನ್ನೆ ಆಯಿತಲ್ಲ, ಇನ್ನೇನು ತೊಂದರೆ?" ಎನ್ನುವ ಮಾತು ಬರುತ್ತದೆ. ಗಡಿಯಲ್ಲಿ ಲಾರಿ ನಿಲ್ಲುವುದಕ್ಕೆ ಸುಂಕ ಒಂದೇ ಕಾರಣವಲ್ಲ. ಜಿಎಸ್‌ಟಿ ಬರುವ ಮೊದಲು ಅತ್ತಿಬೆಲೆ ಚೆಕ್‌ಪೋಸ್ಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಿಳುನಾಡಿಗೂ ಕರ್ನಾಟಕಕ್ಕೂ ನಡುವೆ ಕಸ್ಟಮ್ಸ್ ಸುಂಕ ಇರಲಿಲ್ಲ, ಆದರೂ ಲಾರಿ ಸಾಲು ಇರುತ್ತಿತ್ತು. ಅಲ್ಲಿ ನೋಡುತ್ತಿದ್ದುದು ಕಾಗದ.

ಒಕ್ಕೂಟದ ಪರವಾಗಿ ಮಾತುಕತೆ ನಡೆಸಿದ ಮಿಷೆಲ್ ಬಾರ್ನಿಯೇ 2017ರ ಡಿಸೆಂಬರ್‌ನಲ್ಲಿ ಒಂದು ಮೆಟ್ಟಿಲಿನ ಚಿತ್ರ ತೋರಿಸಿದರು. ಮೇಲಿನ ಮೆಟ್ಟಿಲು ಸದಸ್ಯತ್ವ. ಅದರ ಕೆಳಗೆ ನಾರ್ವೆ, ಆಮೇಲೆ ಸ್ವಿಟ್ಜರ್ಲೆಂಡ್, ಉಕ್ರೇನ್, ಟರ್ಕಿ, ಕೆನಡಾ ಮತ್ತು ದಕ್ಷಿಣ ಕೊರಿಯಾ, ಕೊನೆಗೆ ನೆಲ. ಬ್ರಿಟನ್ ಹಾಕಿದ ಒಂದೊಂದು ಷರತ್ತಿಗೂ ಒಂದೊಂದು ಮೆಟ್ಟಿಲು ಕಳಚಿ ಬೀಳುತ್ತದೆ: ಐರೋಪ್ಯ ನ್ಯಾಯಾಲಯ ಬೇಡ, ಜನರ ಮುಕ್ತ ಓಡಾಟ ಬೇಡ, ಬಜೆಟ್ಟಿಗೆ ದೊಡ್ಡ ದುಡ್ಡು ಬೇಡ, ಸ್ವಂತ ವ್ಯಾಪಾರ ನೀತಿ ಬೇಕು. ಕೊನೆಗೆ ಕೆನಡಾ ಮೆಟ್ಟಿಲು ಒಂದೇ ಉಳಿದಿತ್ತು. ಈ ವಿಷಯದಲ್ಲಿ ಇಷ್ಟು ಉಪಯೋಗಕ್ಕೆ ಬರುವ ಇನ್ನೊಂದು ಹಾಳೆ ಇಲ್ಲ ಎನ್ನಬಹುದು.

ನಾರ್ವೆ ದಾರಿ: ಒಳಗೆ ಊಟ, ಅಡುಗೆಮನೆಯಲ್ಲಿ ಮಾತಿಲ್ಲ

ನಾರ್ವೆಯ ಜನ 1972ರಲ್ಲಿ ಒಮ್ಮೆ, 1994ರಲ್ಲಿ ಇನ್ನೊಮ್ಮೆ ಸದಸ್ಯತ್ವ ಬೇಡವೆಂದರು. ಆದರೂ ಐಸ್‌ಲ್ಯಾಂಡ್, ಲೀಷ್ಟನ್‌ಸ್ಟೈನ್ ಜೊತೆ ಐರೋಪ್ಯ ಆರ್ಥಿಕ ಪ್ರದೇಶ ಎಂಬ ಒಪ್ಪಂದದ ಮೂಲಕ ಅದು 1994ರಿಂದ ಏಕ ಮಾರುಕಟ್ಟೆಯ ಒಳಗಿದೆ. ಓಸ್ಲೋದ ಬ್ಯಾಂಕು ಫ್ರಾಂಕ್‌ಫರ್ಟ್‌ನಲ್ಲಿ ಬೇರೆ ಪರವಾನಗಿ ಇಲ್ಲದೆ ವ್ಯವಹಾರ ಮಾಡಬಹುದು, ಪೋಲೆಂಡಿನ ಗಾರೆ ಕೆಲಸದವರು ಬರ್ಗನ್‌ಗೆ ಬಂದು ದುಡಿಯಬಹುದು.

ಬದಲಿಗೆ ಬ್ರಸೆಲ್ಸ್‌ನಲ್ಲಿ ಮಾಡಿದ ಮಾರುಕಟ್ಟೆ ನಿಯಮವನ್ನು ನಾರ್ವೆ ತನ್ನ ಕಾನೂನಿಗೆ ಸೇರಿಸಿಕೊಳ್ಳಬೇಕು. ಸಲಹಾ ಹಂತದಲ್ಲಿ ಮಾತಾಡಬಹುದು, ಮತ ಇಲ್ಲ. ಕಾನೂನು ಫ್ಯಾಕ್ಸ್‌ನಲ್ಲಿ ಬಂದಿಳಿಯುತ್ತದೆ ಎನ್ನುವ ಅರ್ಥದಲ್ಲಿ ಇದನ್ನು ಅಲ್ಲಿನವರೇ "ಫ್ಯಾಕ್ಸ್ ಪ್ರಜಾಪ್ರಭುತ್ವ" ಎಂದು ಗೇಲಿ ಮಾಡುತ್ತಾರೆ. ದುಡ್ಡೂ ಕೊಡಬೇಕು: 2014ರಿಂದ 2021ರ ಅವಧಿಗೆ ಈ ಮೂರು ದೇಶಗಳು ಒಕ್ಕೂಟದ ಬಡ ಸದಸ್ಯರಿಗೆ ಕೊಟ್ಟ ಅನುದಾನ 280 ಕೋಟಿ ಯೂರೋ, ಅದರಲ್ಲಿ ಬಹುಪಾಲು ನಾರ್ವೆಯದ್ದು.

ಸುಂಕ ಒಕ್ಕೂಟದಲ್ಲಿ ಮಾತ್ರ ನಾರ್ವೆ ಇಲ್ಲ. ಕೃಷಿ ಮತ್ತು ಮೀನುಗಾರಿಕೆಯ ಸಾಮಾನ್ಯ ನೀತಿಗಳಿಂದಲೂ ಹೊರಗೆ. ಇದರ ಪರಿಣಾಮ ಒಂದು ಮೀನಿನಲ್ಲಿ ಕಾಣುತ್ತದೆ. ನಾರ್ವೆಯ ತಾಜಾ ಸಾಲ್ಮನ್ ಒಕ್ಕೂಟದೊಳಗೆ ಹೋಗುವಾಗ ಸುಂಕ 2%. ಅದೇ ಸಾಲ್ಮನ್ನನ್ನು ಹೊಗೆ ಹಾಕಿ ಒಣಗಿಸಿ ಕಳಿಸಿದರೆ 13%. ಹಾಗಾಗಿ ನಾರ್ವೆಯ ಮೀನಿಗೆ ಹೊಗೆ ಹಾಕುವ ಕೆಲಸದ ದೊಡ್ಡ ಪಾಲು ಪೋಲೆಂಡಿಗೆ ಹೋಯಿತು. ಇನ್ನು ಸ್ವೀಡನ್ ಜೊತೆಗಿನ 1,600 ಕಿಲೋಮೀಟರಿಗೂ ಉದ್ದದ ಗಡಿಯಲ್ಲಿ ಕಸ್ಟಮ್ಸ್ ಇದ್ದೇ ಇದೆ. ಸ್ವಿನೆಸುಂಡ್ ಸೇತುವೆಯ ಬಳಿ ಲಾರಿಗಳು ನಿಂತು ಕಾಗದ ತೋರಿಸುತ್ತವೆ. ಎರಡೂ ದೇಶದ ಅಧಿಕಾರಿಗಳು ಒಬ್ಬರ ಕೆಲಸ ಇನ್ನೊಬ್ಬರು ಮಾಡಿಕೊಡುವಷ್ಟು ಹೊಂದಾಣಿಕೆ ಇರುವುದರಿಂದ ಬೇಗ ಮುಗಿಯುತ್ತದೆ, ಅಷ್ಟೇ.

ಸೇವಾ ವಲಯ ದೊಡ್ಡದಿರುವ ದೇಶಕ್ಕೆ, ವಲಸೆಯ ಬಗ್ಗೆ ಗಲಾಟೆ ಇಲ್ಲದ ದೇಶಕ್ಕೆ ಇದೇ ಕಡಿಮೆ ನಷ್ಟದ ದಾರಿ. ಜನರ ಓಡಾಟ ನಿಲ್ಲಿಸಲೆಂದೇ ಮತ ಹಾಕಿದ ದೇಶಕ್ಕೆ ಮಾತ್ರ ಇದು ಮೊದಲ ದಿನವೇ ಬಾಗಿಲು ಮುಚ್ಚಿದ ದಾರಿ.

ಸ್ವಿಸ್ ದಾರಿ: ತುಂಡು ತುಂಡಾಗಿ

ಸ್ವಿಟ್ಜರ್ಲೆಂಡ್ 1992ರ ಡಿಸೆಂಬರ್ 6ರಂದು ನಾರ್ವೆ ದಾರಿಯನ್ನೂ 50.3% ಮತದಿಂದ ತಿರಸ್ಕರಿಸಿತು. ಆಮೇಲೆ ವಿಷಯಕ್ಕೊಂದು ಒಪ್ಪಂದದಂತೆ ನೂರಕ್ಕೂ ಹೆಚ್ಚು ಒಪ್ಪಂದ ಮಾಡಿಕೊಂಡಿತು. ದೂರದಿಂದ ನೋಡಿದರೆ ಬೇಕಾದ್ದನ್ನು ಆರಿಸಿಕೊಂಡಂತೆ ಕಾಣುತ್ತದೆ. ಬ್ರಿಟನ್ನಿನ ಹಲವು ರಾಜಕಾರಣಿಗಳು ಇದನ್ನು ತೋರಿಸಿ "ನಮಗೂ ಹಾಗೇ" ಎಂದದ್ದುಂಟು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ.

ಆದರೆ 1999ರಲ್ಲಿ ಸಹಿಯಾದ ಮೊದಲ ಏಳು ಒಪ್ಪಂದಗಳಲ್ಲಿ "ಗಿಲೊಟಿನ್" ಎಂಬ ಕಲಮು ಇದೆ: ಏಳರಲ್ಲಿ ಒಂದನ್ನು ಮುರಿದರೆ ಉಳಿದ ಆರೂ ಬಿದ್ದುಹೋಗುತ್ತವೆ. ಜನರ ಮುಕ್ತ ಓಡಾಟ ಆ ಏಳರಲ್ಲಿ ಒಂದು. 2014ರ ಫೆಬ್ರವರಿಯಲ್ಲಿ ವಲಸೆಗೆ ಮಿತಿ ಹಾಕಬೇಕೆಂದು ಸ್ವಿಸ್ ಜನ ಮತ ಹಾಕಿದಾಗ ಸಂಶೋಧನೆ ಮತ್ತು ವಿದ್ಯಾರ್ಥಿ ವಿನಿಮಯದ ಯೋಜನೆಗಳ ಬಾಗಿಲಿಗೆ ಬೀಗ ಬಿತ್ತು. 2021ರ ಮೇ 26ರಂದು ಸ್ವಿಸ್ ಸರ್ಕಾರ ದೊಡ್ಡ ಚೌಕಟ್ಟಿನ ಒಪ್ಪಂದದ ಮಾತುಕತೆಯಿಂದ ಎದ್ದು ಬಂತು. ಅದೇ ದಿನ ಒಕ್ಕೂಟದ ಹೊಸ ವೈದ್ಯಕೀಯ ಸಾಧನ ನಿಯಮ ಜಾರಿಯಾಯಿತು, ಸ್ವಿಸ್ ಪ್ರಮಾಣಪತ್ರಕ್ಕೆ ಮಾನ್ಯತೆ ನವೀಕರಣ ಆಗಲಿಲ್ಲ. ರಾತ್ರಿ ಕಳೆಯುವುದರೊಳಗೆ ಅಲ್ಲಿನ ತಯಾರಕರು ಒಕ್ಕೂಟದೊಳಗೆ ಅಧಿಕೃತ ಪ್ರತಿನಿಧಿಯನ್ನು ನೇಮಿಸಿ, ಪೆಟ್ಟಿಗೆಯ ಮೇಲೆ ಅವರ ವಿಳಾಸ ಅಂಟಿಸಬೇಕಾಯಿತು.

ಇದು ಮೂವತ್ತು ವರ್ಷ ಕಟ್ಟಿದ ಮನೆ. ಹೊಸಬರಿಗೆ ಇದೇ ನಕ್ಷೆ ಕೊಡಲು ಒಕ್ಕೂಟಕ್ಕೆ ಮನಸ್ಸಿಲ್ಲ. ಕೊಟ್ಟವರೇ ಇದನ್ನು ನಿಭಾಯಿಸಿ ದಣಿದಿದ್ದಾರೆ. ಆಯ್ಕೆಯ ಪಟ್ಟಿಯಲ್ಲಿ ಇದನ್ನು ಇಟ್ಟುಕೊಂಡು ಕಾಲ ಕಳೆಯಬೇಡಿ.

ಟರ್ಕಿ ದಾರಿ: ಸುಂಕ ಒಕ್ಕೂಟ ಮಾತ್ರ

1995ರ ಕೊನೆಯ ದಿನದಿಂದ ಟರ್ಕಿ ಸುಂಕ ಒಕ್ಕೂಟದಲ್ಲಿದೆ. ಕಾರ್ಖಾನೆ ಮಾಲಿಗೆ ಸುಂಕ ಇಲ್ಲ, ಆ ಮಾಲು ಎಲ್ಲಿಯದು ಎಂದು ತೋರಿಸುವ ತಲೆನೋವೂ ಇಲ್ಲ, ಎ.ಟಿ.ಆರ್ ಎಂಬ ಒಂದು ಪ್ರಮಾಣಪತ್ರ ಸಾಕು. ವಾಹನ, ಫ್ರಿಜ್ಜು, ವಾಷಿಂಗ್ ಮೆಷಿನ್‌ನಂಥ ಮನೆ ಸಾಮಾನು ತಯಾರಿಕೆಗೆ ಇದು ವರವೇ ಸರಿ. ಕಚ್ಚಾ ಕೃಷಿ ಉತ್ಪನ್ನ ಮತ್ತು ಸೇವೆ ಇದರಲ್ಲಿ ಸೇರಿಲ್ಲ.

ಪೆಟ್ಟು ಬೀಳುವುದು ಬೇರೆ ಕಡೆ. ಒಕ್ಕೂಟ ಮೂರನೆಯ ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡಾಗ ಆ ದೇಶದ ಮಾಲು ಒಕ್ಕೂಟದ ಮೂಲಕ ಟರ್ಕಿಗೂ ಸುಂಕವಿಲ್ಲದೆ ಬರುತ್ತದೆ. ಟರ್ಕಿಯ ಮಾಲಿಗೆ ಆ ದೇಶದಲ್ಲಿ ರಿಯಾಯಿತಿ ಬೇಕಾದರೆ ಟರ್ಕಿ ಬೇರೆಯಾಗಿ ಹೋಗಿ ಬೇಡಬೇಕು, ಆಗಲೇ ಬಾಗಿಲು ತೆರೆದು ಸಿಕ್ಕಿದವರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ? ಅದಲ್ಲದೆ ಬಲ್ಗೇರಿಯಾ ಗಡಿಯ ಕಪಿಕುಲೆಯಲ್ಲಿ ಲಾರಿ ಸಾಲು ಕಿಲೋಮೀಟರುಗಟ್ಟಲೆ ನಿಲ್ಲುವುದು ತಪ್ಪಿಲ್ಲ. ಸುಂಕ ಇಲ್ಲದಿದ್ದರೂ ಲಾರಿಗಳ ಸಾಗಣೆ ಪರ್ಮಿಟ್ ಕೋಟಾ ಇದೆ, ತಪಾಸಣೆ ಇದೆ.

ಬ್ರಿಟನ್ ಈ ದಾರಿಗೆ ಕೂದಲೆಳೆಯಷ್ಟು ಹತ್ತಿರ ಬಂದಿತ್ತು. 2019ರ ಏಪ್ರಿಲ್ 1ರಂದು ಅಲ್ಲಿನ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಸುಂಕ ಒಕ್ಕೂಟದ ಪ್ರಸ್ತಾವ 273ಕ್ಕೆ 276ರಿಂದ ಬಿತ್ತು. ಮೂರು ಮತ.

ಕೆನಡಾ ದಾರಿ: ಬ್ರಿಟನ್ ಆರಿಸಿಕೊಂಡದ್ದು

ಕೆನಡಾ ಮತ್ತು ಒಕ್ಕೂಟದ ನಡುವಿನ ಒಪ್ಪಂದಕ್ಕೆ ಮಾತು ಶುರುವಾದದ್ದು 2009ರಲ್ಲಿ, ತಾತ್ಕಾಲಿಕವಾಗಿ ಜಾರಿಯಾದದ್ದು 2017ರ ಸೆಪ್ಟೆಂಬರ್‌ನಲ್ಲಿ. ಬ್ರಿಟನ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲ ಸರಕಿಗೂ ಸೊನ್ನೆ ಸುಂಕ, ಸೊನ್ನೆ ಕೋಟಾ ಪಡೆಯಿತು. 2021ರ ಜನವರಿ 1ರಿಂದ ಜಾರಿ. ಬೇರೆ ದಾರಿಗಳಿಗಿಂತ ಇದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಕಾಗದದ ಮೇಲೆ ಚೆನ್ನಾಗಿ ಕಾಣುವ ಈ ಒಪ್ಪಂದ ಗಡಿಯಲ್ಲಿ ಹೇಗೆ ನಡೆಯುತ್ತದೆ ಎಂದು ತಿಳಿಯದೆ ಹೋಲಿಕೆ ಮಾಡಲು ಆಗುವುದಿಲ್ಲ.

ಇಂಗ್ಲೆಂಡಿನ ಒಂದು ಸಣ್ಣ ಡೈರಿಯಿಂದ ಫ್ರಾನ್ಸಿಗೆ ಚೀಸ್ ಹೋಗಬೇಕು ಅನ್ನಿ. 2020ರಲ್ಲಿ ಬೇಕಾಗಿದ್ದುದು ಇನ್‌ವಾಯ್ಸು ಮತ್ತು ಲಾರಿ. 2021ರಿಂದ ಹೀಗೆ:

ಮಾರುವವರಿಗೂ ಕೊಳ್ಳುವವರಿಗೂ ತಮ್ಮ ತಮ್ಮ ಕಡೆಯ ಇಒಆರ್‌ಐ ಎಂಬ ಕಸ್ಟಮ್ಸ್ ನೋಂದಣಿ ಸಂಖ್ಯೆ ಬೇಕು. ಚೀಸ್‌ನ ಸರಕು ಸಂಕೇತ ಸರಿಯಾಗಿ ಹುಡುಕಿ ಬರೆಯಬೇಕು, ತಪ್ಪಿದರೆ ಮುಂದಿನದೆಲ್ಲ ತಪ್ಪು. ಬ್ರಿಟನ್ನಿನಲ್ಲಿ ರಫ್ತು ಘೋಷಣೆ. ಮಾಲು ಬ್ರಿಟನ್ನಿನದೇ ಎಂದು ಇನ್‌ವಾಯ್ಸಿನ ಮೇಲೆ ನಿಗದಿತ ಮಾತುಗಳಲ್ಲಿ ಮೂಲದ ಹೇಳಿಕೆ. ಆಮೇಲೆ ಅಧಿಕೃತ ಪಶುವೈದ್ಯರು ಬಂದು ನೋಡಿ ಸಹಿ, ಮೊಹರು ಹಾಕುವ ರಫ್ತು ಆರೋಗ್ಯ ಪ್ರಮಾಣಪತ್ರ. ಅದು ಮಾಲು ಒಳಹೋಗುವ ದೇಶದ ಭಾಷೆಯಲ್ಲೂ ಇರಬೇಕು. ಫ್ರಾನ್ಸ್ ಕಡೆಯವರು ಒಕ್ಕೂಟದ ಆನ್‌ಲೈನ್ ವ್ಯವಸ್ಥೆಯಲ್ಲಿ ಮುಂಚಿತವಾಗಿ ತಿಳಿಸಬೇಕು, ಆಮದು ಘೋಷಣೆ ಸಲ್ಲಿಸಬೇಕು. ಆ ಘೋಷಣೆಯ ಬಾರ್‌ಕೋಡನ್ನು ಲಾರಿಯ ನಂಬರಿಗೆ ಜೋಡಿಸಿ ಹಡಗು ಹತ್ತಿಸುತ್ತಾರೆ. ಹಡಗು ಕಡಲಲ್ಲಿ ಇರುವಾಗಲೇ ಡ್ರೈವರಿಗೆ ಹಸಿರೋ ಕಿತ್ತಳೆಯೋ ಗೊತ್ತಾಗುತ್ತದೆ. ಪ್ರಾಣಿಜನ್ಯ ಮಾಲು ಇದ್ದರೆ ಕಿತ್ತಳೆಯೇ, ತಪಾಸಣಾ ಠಾಣೆಗೆ ಹೋಗಲೇಬೇಕು. ಮರದ ಪ್ಯಾಲೆಟ್ ಸಹ ಶಾಖ ಕೊಟ್ಟು ಮುದ್ರೆ ಹಾಕಿದ್ದಾಗಿರಬೇಕು.

ಎಲ್ಲಿ ಕೆಡುತ್ತದೆ? ಪ್ರಮಾಣಪತ್ರದಲ್ಲಿ ಅನ್ವಯಿಸದ ಸಾಲನ್ನು ಹೊಡೆದು ಹಾಕದಿದ್ದರೆ, ಪುಟಕ್ಕೆ ಮೊಹರು ಬೀಳದಿದ್ದರೆ, ಸಹಿಯ ಶಾಯಿ ಮುದ್ರಣದ ಬಣ್ಣದ್ದೇ ಆಗಿದ್ದರೆ. 2021ರ ಜನವರಿಯಲ್ಲಿ ಸ್ಕಾಟ್‌ಲ್ಯಾಂಡಿನ ಸೀಗಡಿ, ಸಾಲ್ಮನ್ ಸಾಗಿಸಿದವರು ಸಿಕ್ಕಿಬಿದ್ದದ್ದು ಇಂಥವುಗಳಿಂದಲೇ. ಒಂದೇ ಲಾರಿಯಲ್ಲಿ ಹಲವು ಸಣ್ಣ ವ್ಯಾಪಾರಿಗಳ ಮಾಲು ತುಂಬಿದಾಗ ಒಬ್ಬರ ಕಾಗದ ತಪ್ಪಿದರೂ ಇಡೀ ಲಾರಿ ನಿಲ್ಲುತ್ತದೆ. ಹಸಿ ಮೀನು ಕಾಯುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಪ್ರಯೋಜನ? ಹಾಲೆಂಡಿನ ಬಂದರಿನಲ್ಲಿ ಡ್ರೈವರೊಬ್ಬರ ಹ್ಯಾಮ್ ಸ್ಯಾಂಡ್‌ವಿಚ್ಚನ್ನೇ ಅಧಿಕಾರಿಗಳು ಕಿತ್ತುಕೊಂಡದ್ದು ಟಿವಿಯಲ್ಲಿ ಬಂದು ಎಲ್ಲರೂ ನಕ್ಕರು. ನಿಯಮದ ಪ್ರಕಾರ ಅದು ಸರಿಯೇ: ಹೊರದೇಶದಿಂದ ಬರುವವರು ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ, ಬ್ರಿಟನ್ ಈಗ ಹೊರದೇಶ. ಹಸಿ ಸಾಸೇಜು, ಹಸಿ ಕೊಚ್ಚಿದ ಮಾಂಸದ ತಯಾರಿಕೆಗಳಿಗೆ ಪ್ರಮಾಣಪತ್ರವೇ ಇಲ್ಲ, ಅವು ಹೋಗುವುದೇ ಇಲ್ಲ.

ಪಶುವೈದ್ಯರ ಸಹಿಗೆ ಆಗುವ ಖರ್ಚು ಒಂದು ಪ್ಯಾಲೆಟ್ಟಿಗೂ ಇಪ್ಪತ್ತು ಪ್ಯಾಲೆಟ್ಟಿಗೂ ಹೆಚ್ಚು ಕಡಿಮೆ ಅಷ್ಟೇ. ದೊಡ್ಡ ಕಂಪನಿ ಅದನ್ನು ನುಂಗಿಕೊಳ್ಳುತ್ತದೆ, ಸಣ್ಣವರು ಆ ಮಾರುಕಟ್ಟೆಯನ್ನೇ ಬಿಡುತ್ತಾರೆ. ಆಮದಿನ ಕಡೆಯೂ ಹಾಗೇ. 2024ರ ಏಪ್ರಿಲ್ 30ರಿಂದ ಡೋವರ್ ಮತ್ತು ಕಡಲಡಿಯ ಸುರಂಗದ ಮೂಲಕ ಬರುವ ಮಧ್ಯಮ ಅಪಾಯದ ಆಹಾರಕ್ಕೆ ಬ್ರಿಟನ್ ಹಾಕಿದ ಶುಲ್ಕ ಪಟ್ಟಿಯ ಒಂದು ಸಾಲಿಗೆ, ಅಂದರೆ ಒಂದು ಬಗೆಯ ಸರಕಿಗೆ, 29 ಪೌಂಡ್, ಒಂದು ಕಳುಹಿಕೆಗೆ ಗರಿಷ್ಠ 145. ಇಟಲಿಯಿಂದ ಐದು ಬಗೆಯ ಮಾಂಸ, ಚೀಸನ್ನು ಹತ್ತು ಹತ್ತು ಕಿಲೋ ತರಿಸುವ ಮೂಲೆ ಅಂಗಡಿಯವರೂ 145 ಕೊಡಬೇಕಾಯಿತು, ಹತ್ತು ಹತ್ತು ಟನ್ ತರಿಸುವ ಸೂಪರ್‌ಮಾರ್ಕೆಟ್ಟಿನವರೂ 145.

ಇಲ್ಲಿ ಬ್ರಿಟನ್ ಮಾಡಿದ ಒಂದು ತಪ್ಪು ಬೇರೆಯವರಿಗೆ ಪಾಠವಾಗಬೇಕು. ಒಕ್ಕೂಟ ತನ್ನ ತಪಾಸಣೆಯನ್ನು 2021ರ ಜನವರಿ 1ರಿಂದಲೇ ಪೂರ್ತಿ ಶುರು ಮಾಡಿತು. ಬ್ರಿಟನ್ ತನ್ನ ಕಡೆಯ ಆಹಾರ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿ 2024ಕ್ಕೆ ತಂದು ನಿಲ್ಲಿಸಿತು. ಠಾಣೆ ಕಟ್ಟಿರಲಿಲ್ಲ, ಪಶುವೈದ್ಯರು ಸಾಲುತ್ತಿರಲಿಲ್ಲ. ಮೂರು ವರ್ಷ ಫ್ರಾನ್ಸಿನ ಮಾಲು ಸಲೀಸಾಗಿ ಒಳಬಂತು, ಬ್ರಿಟನ್ನಿನ ಮಾಲು ಒದ್ದಾಡುತ್ತ ಹೊರಹೋಯಿತು.

ಮೂಲದ ನಿಯಮ ಇನ್ನೊಂದು ಬಲೆ. ಸೊನ್ನೆ ಸುಂಕ ಸಿಗುವುದು ಕಳಿಸುವ ಕಡೆಯಲ್ಲೇ "ತಯಾರಾದ" ಮಾಲಿಗೆ ಮಾತ್ರ: ಬ್ರಿಟನ್ನಿನಿಂದ ಹೋಗುವುದು ಬ್ರಿಟನ್ನಿನಲ್ಲಿ, ಒಕ್ಕೂಟದಿಂದ ಬರುವುದು ಒಕ್ಕೂಟದಲ್ಲಿ. ಪೆಟ್ರೋಲ್ ಕಾರಿನಲ್ಲಿ ಹೊರದೇಶದ ಬಿಡಿಭಾಗಗಳ ಬೆಲೆ ಕಾರ್ಖಾನೆ ಬೆಲೆಯ 45% ಮೀರುವಂತಿಲ್ಲ. ಬ್ಯಾಟರಿ ಕಾರಿಗೆ 2026ರ ಕೊನೆಯವರೆಗೆ 60%. ಏಷ್ಯಾದಿಂದ ಬ್ಯಾಟರಿ ತಂದರೆ ಅದೇ ಬೆಲೆಯ ದೊಡ್ಡ ಪಾಲು ತಿನ್ನುತ್ತದೆ. ಮಿತಿ ದಾಟಿದರೆ 10% ಸುಂಕ. ಇನ್ನೂ ವಿಚಿತ್ರ: ಜರ್ಮನಿಯಲ್ಲಿ ತಯಾರಾದ ಮಿಠಾಯಿ ಬ್ರಿಟನ್ನಿನ ಗೋದಾಮಿಗೆ ಬಂದು, ಅಲ್ಲಿ ಏನೂ ಬದಲಾಗದೆ ಡಬ್ಲಿನ್ ಅಂಗಡಿಗೆ ಹೋದರೆ ಸುಂಕ ಬೀಳಬಹುದು. ಅದು ಬ್ರಿಟನ್ನಿನಲ್ಲಿ ತಯಾರಾದದ್ದಲ್ಲವಲ್ಲ!

ಸೇವೆಯ ವಿಷಯದಲ್ಲಿ ಕೆನಡಾ ದಾರಿ ಬಹುತೇಕ ಖಾಲಿ. ಬ್ರಿಟನ್ನಿನ ಆರ್ಥಿಕತೆಯ ಸುಮಾರು 80% ಸೇವೆಯೇ ಆಗಿದ್ದರೂ ಒಪ್ಪಂದ ಮೀನಿಗೆ ಕೊಟ್ಟಷ್ಟು ತಲೆಯನ್ನು ಬ್ಯಾಂಕಿಗೆ ಕೊಡಲಿಲ್ಲ. ಲಂಡನ್ ಪರವಾನಗಿಯಿಂದ 27 ದೇಶಗಳಲ್ಲಿ ವ್ಯವಹರಿಸುವ ಹಕ್ಕು ಹೋಯಿತು. 2021ರ ಜನವರಿಯಲ್ಲಿ ಷೇರು ವಹಿವಾಟಿನಲ್ಲಿ ಆಮ್‌ಸ್ಟರ್‌ಡ್ಯಾಮ್ ದಿನಕ್ಕೆ ಸರಾಸರಿ 920 ಕೋಟಿ ಯೂರೋದೊಂದಿಗೆ ಲಂಡನ್ನಿನ 860 ಕೋಟಿಯನ್ನು ಹಿಂದೆ ಹಾಕಿತು. ಒಕ್ಕೂಟದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೂ ಮೊದಲೇ ಲಂಡನ್ ಬಿಟ್ಟು ಆಮ್‌ಸ್ಟರ್‌ಡ್ಯಾಮಿಗೆ, ಬ್ಯಾಂಕಿಂಗ್ ಪ್ರಾಧಿಕಾರ ಪ್ಯಾರಿಸ್ಸಿಗೆ ಹೋಗಿದ್ದವು.

ಒಟ್ಟು ಲೆಕ್ಕಕ್ಕೆ ಬಂದರೆ, ಬ್ರಿಟನ್ನಿನ ಸ್ವತಂತ್ರ ಬಜೆಟ್ ಹೊಣೆಗಾರಿಕೆ ಕಚೇರಿ ಇಟ್ಟುಕೊಂಡಿರುವ ಅಂದಾಜು ಇದು: ಒಳಗೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೀರ್ಘಾವಧಿಯಲ್ಲಿ ಉತ್ಪಾದಕತೆ 4% ಕಡಿಮೆ, ಆಮದು ರಫ್ತು 15% ಕಡಿಮೆ. ಇದು ಒಂದೇ ದಿನ ಕುಸಿದದ್ದಲ್ಲ, ಟಯರಿನಿಂದ ಗಾಳಿ ಸೋರಿದ ಹಾಗೆ. ಅದಕ್ಕೇ ರಾಜಕೀಯದಲ್ಲಿ ಇದರ ಸದ್ದು ಕಡಿಮೆ.

ಸಿಕ್ಕಿದ್ದೇನು? ಸ್ವಂತ ವ್ಯಾಪಾರ ನೀತಿ. ಆಸ್ಟ್ರೇಲಿಯಾ ಒಪ್ಪಂದ 2023ರ ಮೇನಲ್ಲಿ ಜಾರಿಯಾಯಿತು, ಪೆಸಿಫಿಕ್ ದೇಶಗಳ ವ್ಯಾಪಾರ ಕೂಟಕ್ಕೆ ಬ್ರಿಟನ್ 2024ರ ಡಿಸೆಂಬರ್‌ನಲ್ಲಿ ಸೇರಿತು, ಭಾರತದೊಂದಿಗೆ 2025ರ ಜುಲೈ 24ರಂದು ಸಹಿ ಹಾಕಿತು. ಟರ್ಕಿ ದಾರಿಯಲ್ಲಿ ಇವು ಯಾವುವೂ ಸಾಧ್ಯವಿರಲಿಲ್ಲ. ಪಕ್ಕದ ಮನೆಯ ವ್ಯಾಪಾರವನ್ನು ದೂರದ ಊರಿನ ವ್ಯಾಪಾರದಿಂದ ತುಂಬಿಕೊಳ್ಳುವುದು ಮಾತ್ರ ಕಷ್ಟ.

ಬರಿಗೈ ದಾರಿ

ಒಪ್ಪಂದವೇ ಇಲ್ಲದೆ ಹೊರಬಂದರೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ. ಎಲ್ಲರಿಗೂ ಹಾಕುವ ದರವನ್ನೇ ಇವರಿಗೂ ಹಾಕುತ್ತಾರೆ. ಕುರಿಮರಿಯ ಮಾಂಸಕ್ಕೆ ಒಕ್ಕೂಟದ ದರ ಬೆಲೆಯ 12.8% ಮತ್ತು ಅದರ ಮೇಲೆ 100 ಕಿಲೋಗೆ 171.3 ಯೂರೋ. ಇಪ್ಪತ್ತು ಕಿಲೋ ತೂಗುವ, ನೂರು ಯೂರೋ ಬೆಲೆಯ ಒಂದು ಕುರಿ ಎಂದಿಟ್ಟುಕೊಳ್ಳಿ: 12.80 ಸೇರಿಸು 34.26, ಒಟ್ಟು 47 ಯೂರೋ ಸುಂಕ. ವೇಲ್ಸಿನ ಕುರಿ ಸಾಕುವವರು ಅದರ ಮೇಲೆ ಯಾರಿಗೆ ಮಾರುತ್ತಾರೆ? ಇದನ್ನು ಆಯ್ಕೆ ಎಂದು ಕರೆಯುವುದಕ್ಕಿಂತ ಉಳಿದ ಮಾತುಕತೆ ಮುರಿದಾಗ ಬೀಳುವ ಜಾಗ ಎನ್ನುವುದೇ ಸರಿ.

ನೆಲದ ಗಡಿ ಇದ್ದರೆ

ಮೇಲಿನ ಎಲ್ಲವನ್ನೂ ತಲೆಕೆಳಗು ಮಾಡುವ ಅಂಶ ಇದು. ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡಿಗೂ ಒಕ್ಕೂಟದ ಸದಸ್ಯನಾದ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ, ಹೊಲ ಮನೆಗಳ ನಡುವೆ ಹಾದುಹೋಗುವ ಇನ್ನೂರಕ್ಕೂ ಹೆಚ್ಚು ರಸ್ತೆ. ಅಲ್ಲಿನ ಹಿಂಸಾಚಾರಕ್ಕೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದ ಬಳಿಕ ಅಲ್ಲಿ ಕಾವಲು ಗೋಪುರ ಇಲ್ಲ, ಮತ್ತೆ ಕಟ್ಟಲು ಯಾರಿಗೂ ಧೈರ್ಯವೂ ಇಲ್ಲ. ಆದರೆ ಸುಂಕ ಒಕ್ಕೂಟ ಬಿಟ್ಟರೆ, ಏಕ ಮಾರುಕಟ್ಟೆ ಬಿಟ್ಟರೆ, ಎಲ್ಲೋ ಒಂದು ಕಡೆ ಕಾಗದ ನೋಡಲೇಬೇಕು.

ಕೊನೆಗೆ ಆ "ಎಲ್ಲೋ" ಆದದ್ದು ಐರಿಷ್ ಸಮುದ್ರ. ಉತ್ತರ ಐರ್ಲೆಂಡ್ ಸರಕಿನ ಮಟ್ಟಿಗೆ ಒಕ್ಕೂಟದ ನಿಯಮದಲ್ಲೇ ಉಳಿಯಿತು, ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಮಾಲು ಹೋಗುವಾಗ ತಪಾಸಣೆ ಬಂತು. 2023ರ ವಿಂಡ್ಸರ್ ಚೌಕಟ್ಟು ಅದನ್ನು ಹಗುರ ಮಾಡಿತು: ಅಲ್ಲೇ ಮಾರಾಟವಾಗುವ ಮಾಲಿಗೆ ಹಸಿರು ಸಾಲು, ಗಡಿ ದಾಟಬಹುದಾದ ಮಾಲಿಗೆ ಕೆಂಪು ಸಾಲು, ಹಾಲು ಮಾಂಸದ ಪೊಟ್ಟಣದ ಮೇಲೆ "ಒಕ್ಕೂಟಕ್ಕಲ್ಲ" ಎಂಬ ಮುದ್ರೆ. ಆದರೂ ಈ ಜಗಳದಿಂದ ಅಲ್ಲಿನ ಸರ್ಕಾರವೇ 2022ರ ಫೆಬ್ರವರಿಯಿಂದ ಎರಡು ವರ್ಷ ನಡೆಯಲಿಲ್ಲ. ಒಕ್ಕೂಟದ ಸದಸ್ಯನೊಂದಿಗೆ ನೆಲದ ಗಡಿ ಇರುವ ದೇಶ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬಾರದು.

ಗಡಿಯಾರ ಮತ್ತು ಸರದಿ

ಐರೋಪ್ಯ ಒಕ್ಕೂಟದ ಒಡಂಬಡಿಕೆಯ 50ನೆಯ ವಿಧಿಯಡಿ ಬಿಡುವ ಪತ್ರ ಕೊಟ್ಟ ದಿನದಿಂದ ಎರಡು ವರ್ಷದ ಗಡಿಯಾರ ಓಡುತ್ತದೆ. ಆ ಅವಧಿಯನ್ನು ವಿಸ್ತರಿಸಲು ಉಳಿದ ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಆಗಿನ ಪ್ರಧಾನಿ ತೆರೇಸಾ ಮೇ ಸರ್ಕಾರ 2017ರ ಮಾರ್ಚ್ 29ರಂದು ಪತ್ರ ಕೊಟ್ಟಿತು. ಯಾವ ಮೆಟ್ಟಿಲು ಬೇಕೆಂದು ತನ್ನ ಸಂಪುಟದೊಳಗೇ ಆಗ ಒಮ್ಮತ ಇರಲಿಲ್ಲ. ಒಕ್ಕೂಟ ಸರದಿ ಹಾಕಿತು: ಮೊದಲು ಬಾಕಿ ಹಣ, ನಾಗರಿಕರ ಹಕ್ಕು, ಐರ್ಲೆಂಡ್, ವ್ಯಾಪಾರದ ಮಾತು ಆಮೇಲೆ. 2019ರ ಜನವರಿ 15ರಂದು ತೆರೇಸಾ ಮೇ ತಂದ ಒಪ್ಪಂದ ಕಾಮನ್ಸ್ ಸಭೆಯಲ್ಲಿ 202ಕ್ಕೆ 432ರಿಂದ ಸೋತಿತು. ಹೊರಬಂದದ್ದು 2020ರ ಜನವರಿ 31ರಂದು.

ಪತ್ರ ಕೊಟ್ಟ ಮೇಲೂ ಮನಸ್ಸು ಬದಲಾಯಿಸಬಹುದು, ಅದಕ್ಕೆ ಬೇರೆಯವರ ಒಪ್ಪಿಗೆ ಬೇಡ ಎಂದು ಐರೋಪ್ಯ ನ್ಯಾಯಾಲಯ 2018ರ ಡಿಸೆಂಬರ್ 10ರಂದು ಹೇಳಿತು. ಹೊರಬಿದ್ದ ಮೇಲೆ ಆ ಬಾಗಿಲಿಲ್ಲ. ಮತ್ತೆ ಸೇರಬೇಕಾದರೆ 49ನೆಯ ವಿಧಿ, ಹೊಸಬರ ಸಾಲು, ಎಲ್ಲರ ಒಪ್ಪಿಗೆ. 1984ರಲ್ಲಿ ಆಗಿನ ಪ್ರಧಾನಿ ಥ್ಯಾಚರ್ ಗಿಟ್ಟಿಸಿಕೊಂಡಿದ್ದ ಬಜೆಟ್ ರಿಯಾಯಿತಿ ಮತ್ತೆ ಸಿಗುವ ಲಕ್ಷಣ ಇಲ್ಲ.

ಜನ ಮತ್ತು ಪಾಸ್‌ಪೋರ್ಟು

ಮುಕ್ತ ಓಡಾಟ ನಿಲ್ಲಿಸಿದರೆ ವಲಸೆ ಇಳಿಯುತ್ತದೆ ಎಂದು ಲೆಕ್ಕ ಹಾಕಿದವರಿಗೆ ಬೇರೆಯದೇ ಉತ್ತರ ಸಿಕ್ಕಿತು. ಐರೋಪ್ಯರು ಕಡಿಮೆಯಾದರು. ಅವರ ಜಾಗಕ್ಕೆ ಅಂಕ ಆಧಾರಿತ ವೀಸಾದಲ್ಲಿ ಭಾರತ, ನೈಜೀರಿಯಾ ಮತ್ತಿತರ ಕಡೆಯವರು ಬಂದರು. 2023ರ ಹೊತ್ತಿಗೆ ವರ್ಷದ ನಿವ್ವಳ ವಲಸೆ 9 ಲಕ್ಷ ದಾಟಿತು. ಆಗಲೇ ನೆಲೆಸಿದ್ದ ಐರೋಪ್ಯರು 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಿತ್ತು. ಬಂದ ಅರ್ಜಿ 60 ಲಕ್ಷಕ್ಕೂ ಹೆಚ್ಚು, ಸರ್ಕಾರ ಎಣಿಸಿದ್ದಕ್ಕಿಂತ ತುಂಬ ಜಾಸ್ತಿ.

ನಮ್ಮವರಿಗೆ ತಾಗಿದ್ದು ಒಂದು ಕಡೆ. ಮೈಸೂರಿನಿಂದ ಹೋಗಿ, ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಬ್ರಿಟನ್ನಿನ ಪೌರತ್ವ ಪಡೆದ ಎಂಜಿನಿಯರ್ ಒಬ್ಬರು ಮೊದಲು ಬರ್ಲಿನ್ನಿಗೆ ಹೋಗಿ ಮರುದಿನವೇ ಕೆಲಸಕ್ಕೆ ಸೇರಬಹುದಿತ್ತು. ಈಗ ಅವರಿಗೂ ಜರ್ಮನಿಯ ಕೆಲಸದ ಪರವಾನಗಿ ಬೇಕು. ಸುಮ್ಮನೆ ತಿರುಗಾಡಲು ಹೋದರೂ ಯಾವುದೇ 180 ದಿನದಲ್ಲಿ 90 ದಿನ ಮಾತ್ರ.

ಕರ್ನಾಟಕದಿಂದ ಎರಡೂ ಕಡೆ ಮಾಲು ಕಳಿಸುವವರಿಗೆ

ಮೊದಲು ಫೀಲಿಕ್ಸ್‌ಸ್ಟೋ ಬಂದರಿನಲ್ಲಿ ಸುಂಕ ಕಟ್ಟಿ ಇಳಿಸಿದ ಬೆಂಗಳೂರಿನ ಗಾರ್ಮೆಂಟ್ಸ್ ಮಾಲು ಅಲ್ಲಿಂದ ರೋಟರ್‌ಡ್ಯಾಮಿಗೋ ಮಿಲಾನಿಗೋ ಸುಮ್ಮನೆ ಹೋಗುತ್ತಿತ್ತು. ಈಗ ಅದೇ ಅಂಗಿಗೆ ಒಕ್ಕೂಟದ ಗಡಿಯಲ್ಲಿ ಎರಡನೆಯ ಸಲ ಸುಂಕ. ಅದು ಬ್ರಿಟನ್ನಿನ ಮಾಲಲ್ಲ, ಭಾರತದ್ದು. ಹಾಗಾಗಿ ಎರಡು ಮಾರುಕಟ್ಟೆಗೆ ಎರಡು ಕಂಟೇನರ್ ಬೇರೆ ಬೇರೆ ಕಳಿಸಿ. ಬ್ರಿಟನ್ ಮೂಲಕವೇ ಹೋಗಬೇಕಾದರೆ ಅಲ್ಲಿ ಸುಂಕ ಕಟ್ಟಿ ಬಿಡಿಸಿಕೊಳ್ಳದೆ ಟ್ರಾನ್ಸಿಟ್ ಕಾಗದದ ಮೇಲೆ ಅಥವಾ ಬಾಂಡೆಡ್ ಗೋದಾಮಿನಿಂದ ಸಾಗಿಸಲು ನಿಮ್ಮ ಕ್ಲಿಯರಿಂಗ್ ಏಜೆಂಟರಿಗೆ ಮೊದಲೇ ಹೇಳಿ. ವೈದ್ಯಕೀಯ ಸಾಧನ ಕಳಿಸುವವರಿಗೆ ಬ್ರಿಟನ್ನಿನಲ್ಲಿ ಒಬ್ಬರು, ಒಕ್ಕೂಟದಲ್ಲಿ ಒಬ್ಬರು, ಹೀಗೆ ಎರಡು ಪ್ರತಿನಿಧಿ ಬೇಕು. ಇನ್ನು ಐಟಿ ಕಂಪನಿಗಳಿಗೆ ಭಾರತ ಮತ್ತು ಬ್ರಿಟನ್ ಒಪ್ಪಂದದ ಜೊತೆಗೆ ಬಂದ ಒಂದು ಅಂಶ ಉಪಯುಕ್ತ: ತಾತ್ಕಾಲಿಕವಾಗಿ ಅಲ್ಲಿಗೆ ಕಳಿಸಿದ ನೌಕರರು ನಿಗದಿತ ಅವಧಿಯವರೆಗೆ ಸಾಮಾಜಿಕ ಭದ್ರತೆಯ ವಂತಿಗೆಯನ್ನು ಎರಡೆರಡು ದೇಶದಲ್ಲಿ ಕಟ್ಟದೆ ಒಂದೇ ದೇಶದಲ್ಲಿ ಕಟ್ಟಿದರೆ ಸಾಕು ಎಂಬ ಒಪ್ಪಿಗೆ.

ಆರಿಸುವಾಗ ಕೇಳಿಕೊಳ್ಳಬೇಕಾದದ್ದು

ದಾರಿಯಿಂದ ಶುರು ಮಾಡಬೇಡಿ, ಬಿಟ್ಟುಕೊಡಲು ಆಗದ್ದರಿಂದ ಶುರು ಮಾಡಿ. ಒಕ್ಕೂಟದ ಸದಸ್ಯನೊಂದಿಗೆ ನೆಲದ ಗಡಿ ಇದೆಯೇ? ಇದ್ದರೆ ಕೆನಡಾ ದಾರಿ ಹಿಡಿಯುವ ಮೊದಲು ತಪಾಸಣೆ ಎಲ್ಲಿ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಬರಬೇಕು. ಆದಾಯ ಬ್ಯಾಂಕು, ವಿಮೆ, ವಕೀಲಿಕೆಯಿಂದ ಬರುತ್ತದೆಯೇ? ಹಾಗಾದರೆ ನಾರ್ವೆ ದಾರಿ ಬಿಟ್ಟು ಉಳಿದದ್ದೆಲ್ಲ ನಷ್ಟ. ಕಾರು, ಯಂತ್ರದ ಬಿಡಿಭಾಗಗಳು ಗಡಿಯನ್ನು ಹಲವು ಸಲ ದಾಟುತ್ತವೆಯೇ? ಸುಂಕ ಒಕ್ಕೂಟ ಬಿಡಬೇಡಿ. ವಲಸೆಯನ್ನು ತಡೆಯಲೇಬೇಕೆಂಬ ಒತ್ತಡವೇ ಮೊದಲಿನದಾದರೆ ಟರ್ಕಿ ಅಥವಾ ಕೆನಡಾ, ಅದರ ಬೆಲೆಯನ್ನು ಜನರಿಗೆ ಮೊದಲೇ ಹೇಳಿ. ದೂರದ ದೇಶಗಳ ಜೊತೆ ಸ್ವಂತ ಒಪ್ಪಂದ ಬೇಕೇ? ಟರ್ಕಿಯನ್ನೂ ಅಳಿಸಿ.

ಆರಿಸಿದ ಮೆಟ್ಟಿಲಿನಿಂದ ಆಮೇಲೆ ಮೇಲೆ ಹತ್ತಲೂಬಹುದು, ಅದಕ್ಕೂ ಬೆಲೆ ತೆರಬೇಕು. 2025ರ ಮೇ 19ರಂದು ಬ್ರಿಟನ್ ಮತ್ತು ಒಕ್ಕೂಟ ಆಹಾರ, ಸಸ್ಯ, ಪ್ರಾಣಿಗಳ ತಪಾಸಣೆಯನ್ನು ಬಹುಪಾಲು ತೆಗೆದುಹಾಕುವ ಒಪ್ಪಂದದ ಕಡೆಗೆ ಹೋಗಲು ಒಪ್ಪಿದವು. ಬದಲಿಗೆ ಆ ವಿಷಯದಲ್ಲಿ ಬ್ರಿಟನ್ ಒಕ್ಕೂಟದ ನಿಯಮ ಬದಲಾದಂತೆ ತಾನೂ ಬದಲಾಯಿಸಿಕೊಳ್ಳಬೇಕು. ಅದೇ ದಿನ ಐರೋಪ್ಯ ದೋಣಿಗಳಿಗೆ ತನ್ನ ಕಡಲಲ್ಲಿ ಮೀನು ಹಿಡಿಯುವ ಅವಕಾಶವನ್ನು 2038ರ ಜೂನ್ 30ರವರೆಗೆ ಮುಂದುವರಿಸಿತು. ಆಹಾರ ತಪಾಸಣೆಯ ಆ ಒಪ್ಪಂದ ಪೂರ್ತಿ ಜಾರಿಯಾದರೆ ಆ ಚೀಸ್ ಲಾರಿಗೆ ಪಶುವೈದ್ಯರ ಸಹಿ ಬೇಕಾಗುವುದಿಲ್ಲ. ಕಸ್ಟಮ್ಸ್ ಘೋಷಣೆ, ಮೂಲದ ಹೇಳಿಕೆ, ಬಾರ್‌ಕೋಡು ಮಾತ್ರ ಹಾಗೇ ಇರುತ್ತವೆ.